ಪಾಲಿಗೆ ಬಂದ ಮೈದಾನ: ಯುಸಿಎಲ್‌ಎ ಮಹಿಳಾ ಸಾಫ್ಟ್‌ಬಾಲ್ ತಂಡದ ಕಥೆ

ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಅಮೆರಿಕದ ಜನ ಚುಟುಕಾಗಿ ಯುಸಿಎಲ್‌ಎ ಎನ್ನುತ್ತಾರೆ. ಆ ಹೆಸರು ಕೇಳಿದರೆ ಕ್ರೀಡೆ ಬಲ್ಲವರಿಗೆ ಮೊದಲು ನೆನಪಾಗುವುದು ಪುರುಷರ ಬಾಸ್ಕೆಟ್‌ಬಾಲ್. ಜಾನ್ ವುಡನ್ ಎಂಬ ಕೋಚ್ ಅಲ್ಲಿ ಹತ್ತು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಲ್ಯೂ ಆಲ್ಸಿಂಡರ್ ಎಂಬ ಎತ್ತರದ ಕಪ್ಪು ಹುಡುಗ ಅವರ ಗರಡಿಯಲ್ಲಿ 1967, 1968, 1969ರಲ್ಲಿ ಸತತ ಮೂರು ಪ್ರಶಸ್ತಿ ಗೆದ್ದು, ಇಸ್ಲಾಂ ಸ್ವೀಕರಿಸಿ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಜಗತ್ತಿಗೇ ಪರಿಚಿತನಾದ. ಇದೆಲ್ಲ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತಿರುವ ವಿಷಯ.

ವುಡನ್ ತಮ್ಮ ಹತ್ತನೆಯ ಪ್ರಶಸ್ತಿ ಗೆದ್ದು ನಿವೃತ್ತರಾದದ್ದು 1975ರಲ್ಲಿ. ಅದೇ ವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ಒಂದು ಸಾಫ್ಟ್‌ಬಾಲ್ ತಂಡ ಹುಟ್ಟಿತು. ಅದನ್ನು ಆಗ ಯಾರೂ ದೊಡ್ಡ ಸುದ್ದಿ ಎಂದುಕೊಳ್ಳಲಿಲ್ಲ. ಆ ತಂಡ ಮುಂದೆ 12 ಬಾರಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿತು. ವುಡನ್‌ರ ಲೆಕ್ಕಕ್ಕಿಂತ ಎರಡು ಹೆಚ್ಚು! ಹೀಗಿದ್ದೂ ಅದರ ಹೆಸರು ಅಮೆರಿಕದ ಹೊರಗೆ ತಿಳಿದವರು ಕಡಿಮೆ.

ಈ ತಂಡದ ಕಥೆಯನ್ನು ಕೇವಲ ಗೆಲುವಿನ ಪಟ್ಟಿಯಾಗಿ ಓದಿದರೆ ಅರ್ಧ ಮಾತ್ರ ಓದಿದಂತೆ. ಇದು ಪಾಲಿನ ಕಥೆ. ವಿಶ್ವವಿದ್ಯಾಲಯದ ಹಣದಲ್ಲಿ, ಮೈದಾನದಲ್ಲಿ, ಸಂಬಳದಲ್ಲಿ, ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಪಾಲು ಎಷ್ಟು, ಅದನ್ನು ಕೊಡಿಸುವವರು ಯಾರು, ಕೊಟ್ಟ ಮೇಲೆ ಅದನ್ನು ಲೆಕ್ಕ ಇಡುವವರು ಯಾರು ಎಂಬ ಪ್ರಶ್ನೆಗಳ ಕಥೆ.

ಮೊದಲು ಆಟದ ಬಗ್ಗೆ ಎರಡು ಮಾತು. ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಚಿಕಾಗೋ ನಗರದ ಒಂದು ಕ್ಲಬ್ಬಿನ ಒಳಾಂಗಣದಲ್ಲಿ. ಬಾಕ್ಸಿಂಗ್ ಗ್ಲೌಸನ್ನು ಚೆಂಡಿನಂತೆ ಕಟ್ಟಿ, ಪೊರಕೆಯ ಹಿಡಿಯನ್ನು ಬ್ಯಾಟು ಮಾಡಿಕೊಂಡು ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಮತ್ತು ಗೆಳೆಯರು ಆಡಿದ ತಮಾಷೆ ಅದು. ಬೇಸ್‌ಬಾಲ್‌ನ ತಂಗಿ ಎನ್ನಬಹುದು. ಹೆಸರು ‘ಸಾಫ್ಟ್’ ಎಂದಿದ್ದರೂ ಇಂದಿನ ಚೆಂಡು ಮೆತ್ತಗಿಲ್ಲ, ಸಾಕಷ್ಟು ಗಟ್ಟಿ. ಏಳು ಇನ್ನಿಂಗ್ಸ್, ಒಂದೊಂದು ತಂಡದಲ್ಲಿ ಒಂಬತ್ತು ಮಂದಿ. ಪಿಚರ್ ಕೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡು ಎಸೆಯಬೇಕು. ಕಾಲೇಜು ಆಟದಲ್ಲಿ ಪಿಚರ್‌ಗೂ ಬ್ಯಾಟರ್‌ಗೂ ನಡುವಿನ ದೂರ 43 ಅಡಿ. ನಮ್ಮ ಕ್ರಿಕೆಟ್ ಪಿಚ್ಚಿನ ಮೂರನೇ ಎರಡು ಭಾಗ ಎಂದುಕೊಳ್ಳಿ. ಅಲ್ಲಿಂದ ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಬರುವ ಚೆಂಡನ್ನು ನೋಡಿ, ತೀರ್ಮಾನಿಸಿ, ಬ್ಯಾಟು ಬೀಸಲು ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. ಹಾಗಾಗಿ ಇದು ‘ಹೆಂಗಸರಿಗೆಂದು ಹಗುರ ಮಾಡಿದ ಆಟ’ ಎಂಬ ಭಾವನೆ ಇದ್ದವರು ಒಮ್ಮೆ ಬ್ಯಾಟು ಹಿಡಿದು ನೋಡಬೇಕು. 1961ರಲ್ಲಿ ಟೆಡ್ ವಿಲಿಯಮ್ಸ್ ಎಂಬ ಬೇಸ್‌ಬಾಲ್ ದಿಗ್ಗಜ ಪ್ರದರ್ಶನ ಪಂದ್ಯವೊಂದರಲ್ಲಿ ಜೋನ್ ಜಾಯ್ಸ್ ಎಂಬ ಯುವತಿಯ ಎಸೆತಕ್ಕೆ ಬ್ಯಾಟು ಬೀಸಿ ಬೀಸಿ ಸೋತು ಹೋಗಿದ್ದ.

ಆ ಜೋನ್ ಜಾಯ್ಸ್ ಯಾವ ಕಾಲೇಜಿನ ಪರವಾಗಿಯೂ ಆಡುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಆಕೆಯದು ರೇಬೆಸ್ಟೋಸ್ ಬ್ರೇಕೆಟ್ಸ್ ಎಂಬ ತಂಡ. ವಾಹನಗಳ ಬ್ರೇಕ್ ಸಾಮಗ್ರಿ ತಯಾರಿಸುವ ಕಂಪನಿ ಸಾಕಿದ ತಂಡ ಅದು. ಆ ಕಾಲದಲ್ಲಿ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಉಳಿದುಕೊಂಡದ್ದು ಇಂಥ ಕಾರ್ಖಾನೆಗಳ, ಊರಿನ ಕ್ಲಬ್ಬುಗಳ ಆಶ್ರಯದಲ್ಲಿ. ಕಾಲೇಜುಗಳಲ್ಲಿ ಅದು ಬಹುಪಾಲು ಸಂಜೆಯ ಹವ್ಯಾಸವಾಗಿತ್ತು. ಪುರುಷರ ತಂಡಗಳಿಗೆ ವಿಮಾನ, ಹೋಟೆಲ್, ಪೂರ್ಣ ವಿದ್ಯಾರ್ಥಿವೇತನ ಇದ್ದ ದೇಶದಲ್ಲಿ ಹೆಣ್ಣುಮಕ್ಕಳು ತಮ್ಮ ಖರ್ಚಿಗೆ ತಾವೇ ಹಣ ಕೂಡಿಸಬೇಕಿತ್ತು. ಕ್ರೀಡೆಗಾಗಿ ಹೆಣ್ಣುಮಗಳಿಗೆ ವಿದ್ಯಾರ್ಥಿವೇತನ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ.

ಬದಲಾವಣೆ ಬಂದದ್ದು ಮೈದಾನದಿಂದಲ್ಲ, ಸಂಸತ್ತಿನಿಂದ. ಅದರ ಹಿಂದೆ ಒಬ್ಬ ಹೆಣ್ಣುಮಗಳ ಗಾಯವಿದೆ. ಹವಾಯಿ ದ್ವೀಪದ ಪ್ಯಾಟ್ಸಿ ಮಿಂಕ್ ಜಪಾನಿ ಮೂಲದ ಕುಟುಂಬದವರು. ವೈದ್ಯೆಯಾಗಬೇಕೆಂಬುದು ಅವರ ಬಾಲ್ಯದ ಆಸೆ. 1948ರಲ್ಲಿ ಅವರು ಹತ್ತಾರು ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಿದರು. ಒಂದೂ ಸೇರಿಸಿಕೊಳ್ಳಲಿಲ್ಲ. ಅಂಕ ಕಡಿಮೆಯೆಂದಲ್ಲ, ಹೆಣ್ಣೆಂದು. ಅನಿವಾರ್ಯವಾಗಿ ಕಾನೂನು ಓದಿದರು, ರಾಜಕೀಯಕ್ಕೆ ಬಂದರು, ಅಮೆರಿಕದ ಸಂಸತ್ತನ್ನು ಪ್ರವೇಶಿಸಿದರು. ಅವರು, ಒರೆಗನ್ ರಾಜ್ಯದ ಎಡಿತ್ ಗ್ರೀನ್, ಸೆನೆಟ್‌ನಲ್ಲಿ ಬರ್ಚ್ ಬೇ, ಇವರೆಲ್ಲ ಸೇರಿ ರೂಪಿಸಿದ ಕಾನೂನಿಗೆ 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಅದರ ಹೆಸರು ‘ಟೈಟಲ್ ನೈನ್’. ಮೂಲದಲ್ಲಿ ಅದು 37 ಪದಗಳ ಒಂದೇ ವಾಕ್ಯ. ಸರಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಹೆಣ್ಣು ಗಂಡೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು, ತಾರತಮ್ಯ ಮಾಡಬಾರದು ಎಂಬುದು ಅದರ ಸಾರ. ತಮಾಷೆಯೆಂದರೆ ಆ ವಾಕ್ಯದಲ್ಲಿ ಕ್ರೀಡೆ ಎಂಬ ಪದವೇ ಇಲ್ಲ. ಆದರೆ ಅಮೆರಿಕದಲ್ಲಿ ಕ್ರೀಡೆ ಕಾಲೇಜಿನ ಭಾಗ, ಕಾಲೇಜು ಸರಕಾರಿ ಹಣದ ಫಲಾನುಭವಿ. ಹಾಗಾಗಿ ಕಾನೂನಿನ ಬಿಸಿ ಮೈದಾನಕ್ಕೂ ತಟ್ಟಿತು.

ಪುರುಷರ ಕಾಲೇಜು ಕ್ರೀಡೆಗಳನ್ನು ನಡೆಸುವ ಬಲಾಢ್ಯ ಸಂಸ್ಥೆ ಎನ್‌ಸಿಎಎ ಈ ಕಾನೂನನ್ನು ಕ್ರೀಡೆಗೆ ಅನ್ವಯಿಸುವುದನ್ನು ಜೋರಾಗಿಯೇ ವಿರೋಧಿಸಿತು. 1976ರಲ್ಲಿ ಕೋರ್ಟಿಗೂ ಹೋಯಿತು, ಫಲ ಸಿಗಲಿಲ್ಲ. ಆಗ ಮಹಿಳೆಯರ ಕ್ರೀಡೆಗಳನ್ನು ನೋಡಿಕೊಳ್ಳುತ್ತಿದ್ದುದು 1971ರಲ್ಲಿ ಮಹಿಳೆಯರೇ ಕಟ್ಟಿದ ಎಐಎಡಬ್ಲ್ಯೂ ಎಂಬ ಬೇರೆ ಸಂಸ್ಥೆ. ಅದನ್ನು ಕಟ್ಟಿದ ದೈಹಿಕ ಶಿಕ್ಷಕಿಯರಿಗೆ ಪುರುಷರ ಕ್ರೀಡೆಯ ದುಡ್ಡಿನ ವ್ಯವಹಾರ ಕಂಡರೆ ಆಗುತ್ತಿರಲಿಲ್ಲ. ವಿದ್ಯಾರ್ಥಿವೇತನ ಕೊಟ್ಟರೆ ಓದು ಹಾಳಾಗಿ ಹುಡುಗಿಯರನ್ನು ಕೊಳ್ಳುವ ಪೈಪೋಟಿ ಶುರುವಾಗುತ್ತದೆ ಎಂದು ಹೆದರಿ ಮೊದಮೊದಲು ಅವರೇ ಅದನ್ನು ನಿಷೇಧಿಸಿದ್ದರು. ಫ್ಲಾರಿಡಾದ ಕೆಲವು ಆಟಗಾರ್ತಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 1973ರಲ್ಲಿ ನಿಷೇಧ ಹೋಯಿತು. ಆ ಶಿಕ್ಷಕಿಯರ ಭಯವನ್ನು ಹಳೇ ಕಾಲದ ಮಡಿವಂತಿಕೆ ಎಂದು ತಳ್ಳಿಹಾಕುವಂತಿಲ್ಲ. ಇದೇ ತಂಡದ ಚರಿತ್ರೆಯಲ್ಲಿ ಅದು ಒಮ್ಮೆ ನಿಜವಾಯಿತು. ಅದನ್ನು ಮುಂದೆ ನೋಡೋಣ.

1975ರಲ್ಲಿ ಯುಸಿಎಲ್‌ಎ ತಂಡದ ಹೊಣೆ ಹೊತ್ತವರು ಶ್ಯಾರನ್ ಬ್ಯಾಕಸ್. ಜೋನ್ ಜಾಯ್ಸ್ ಆಡಿದ ಅದೇ ಬ್ರೇಕೆಟ್ಸ್ ತಂಡದಲ್ಲಿ ಆಡಿ ಹೆಸರು ಮಾಡಿದವರು. ಕಾರ್ಖಾನೆ ತಂಡಗಳ ಆಟದ ಜ್ಞಾನ ಹೀಗೆ ಕಾಲೇಜಿಗೆ ಬಂದಿತು. ಮೂರೇ ವರ್ಷದಲ್ಲಿ, 1978ರಲ್ಲಿ, ಈ ತಂಡ ಮಹಿಳಾ ಸಂಸ್ಥೆಯ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆ ತಂಡದಲ್ಲಿ ಸೂ ಎನ್‌ಕ್ವಿಸ್ಟ್ ಎಂಬ ಆಟಗಾರ್ತಿ ಇದ್ದರು. ರಾಷ್ಟ್ರಮಟ್ಟದ ‘ಆಲ್ ಅಮೆರಿಕನ್’ ಗೌರವ ಪಡೆದ ಯುಸಿಎಲ್‌ಎಯ ಮೊದಲ ಸಾಫ್ಟ್‌ಬಾಲ್ ಆಟಗಾರ್ತಿ ಅವರು.

ಅಷ್ಟರಲ್ಲಿ ಎನ್‌ಸಿಎಎ ತನ್ನ ನಿಲುವು ಬದಲಿಸಿತು. ಕಾನೂನನ್ನು ತಡೆಯಲಾಗದಿದ್ದರೆ ಮಹಿಳಾ ಕ್ರೀಡೆಯನ್ನೇ ತನ್ನ ಕೈಗೆ ತೆಗೆದುಕೊಂಡರಾಯಿತಲ್ಲ! ತಂಡಗಳ ಪ್ರಯಾಣದ ಖರ್ಚು ಕೊಡುತ್ತೇನೆಂದಿತು, ಟಿ.ವಿ. ಆಸೆ ತೋರಿಸಿತು. ಬಡ ಎಐಎಡಬ್ಲ್ಯೂ ಅದರ ಮುಂದೆ ಎಲ್ಲಿ ನಿಲ್ಲಬೇಕು? 1982ರಲ್ಲಿ ಎರಡೂ ಸಂಸ್ಥೆಗಳು ಬೇರೆ ಬೇರೆ ಸಾಫ್ಟ್‌ಬಾಲ್ ಚಾಂಪಿಯನ್‌ಷಿಪ್ ನಡೆಸಿದವು. ಆ ವರ್ಷವೇ ಮಹಿಳೆಯರ ಸಂಸ್ಥೆ ಬಾಗಿಲು ಮುಚ್ಚಿತು. ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ ನಡೆದ ಮೊಟ್ಟಮೊದಲ ಎನ್‌ಸಿಎಎ ಸಾಫ್ಟ್‌ಬಾಲ್ ಫೈನಲಿನಲ್ಲಿ ಫ್ರೆಸ್ನೊ ಸ್ಟೇಟ್ ತಂಡವನ್ನು 2-0ರಿಂದ ಸೋಲಿಸಿ ಗೆದ್ದದ್ದು ಯುಸಿಎಲ್‌ಎ.

ಆ ತಂಡದಲ್ಲಿ ಡಾಟ್ ರಿಚರ್ಡ್‌ಸನ್ ಇದ್ದರು. ಅವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಾಲೇಜು ಮುಗಿಸಿದ ಮೇಲೆ ಆ ಹೆಣ್ಣುಮಗಳು ವೈದ್ಯಕೀಯ ಓದಿದರು, 1993ರಲ್ಲಿ ಪದವಿ ಪಡೆದರು, ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಗೆ ಸೇರಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಮೊದಲ ಬಾರಿ ಸೇರ್ಪಡೆಯಾದಾಗ ಆಸ್ಪತ್ರೆಗೆ ರಜೆ ಹಾಕಿ ಆಡಲು ಹೋದರು. ಒಲಿಂಪಿಕ್ ಸಾಫ್ಟ್‌ಬಾಲ್ ಚರಿತ್ರೆಯ ಮೊದಲ ಹೋಮ್‌ರನ್ ಅವರದು. ಚೀನಾ ವಿರುದ್ಧದ ಫೈನಲಿನಲ್ಲಿ ಅಮೆರಿಕಕ್ಕೆ 3-1ರಿಂದ ಚಿನ್ನ ತಂದ ಹೋಮ್‌ರನ್ ಕೂಡ ಅವರದೇ. (ಚೆಂಡು ಗೆರೆಯ ಹೊರಗೆ ಹೋಗಿತ್ತೆಂದು ಚೀನಾದವರು ತೀವ್ರವಾಗಿ ಪ್ರತಿಭಟಿಸಿದರು, ಅಂಪೈರ್ ಒಪ್ಪಲಿಲ್ಲ.) ಪದಕ ಪಡೆದು ಮತ್ತೆ ಆಸ್ಪತ್ರೆಯ ಕೆಲಸಕ್ಕೆ ಮರಳಿದರು. ಪ್ಯಾಟ್ಸಿ ಮಿಂಕ್ ಅರ್ಜಿ ಹಾಕಿದಾಗ ಮುಚ್ಚಿದ್ದ ಬಾಗಿಲು ಎರಡು. ಒಂದು ವೈದ್ಯಕೀಯ ಕಾಲೇಜಿನದು, ಇನ್ನೊಂದು ಕಾಲೇಜು ಮೈದಾನದ್ದು. ಡಾಟ್ ರಿಚರ್ಡ್‌ಸನ್ ಎರಡರ ಒಳಗೂ ನಡೆದು ಹೋದರು. 2002ರಲ್ಲಿ ಮಿಂಕ್ ತೀರಿಕೊಂಡಾಗ ಆ ಕಾನೂನಿಗೆ ಅವರ ಹೆಸರನ್ನೇ ಇಡಲಾಯಿತು.

1984, 1985, 1988, 1989, 1990, 1992. ಬ್ಯಾಕಸ್ ಅವರ ತಂಡ ಗೆಲ್ಲುತ್ತಲೇ ಹೋಯಿತು. 1984ರ ಫೈನಲ್ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ ಏಳು ಇನ್ನಿಂಗ್ಸಿಗೆ ಮುಗಿಯದೆ 13ಕ್ಕೆ ಎಳೆದು 1-0ರಲ್ಲಿ ಇತ್ಯರ್ಥವಾಯಿತು. 1989ರಿಂದ ಹಳೆಯ ಶಿಷ್ಯೆ ಎನ್‌ಕ್ವಿಸ್ಟ್ ಗುರುವಿನ ಜೊತೆ ಜಂಟಿ ಕೋಚ್ ಆದರು. ಇಷ್ಟೆಲ್ಲ ಪ್ರಶಸ್ತಿ ಬಂದರೂ ತಂಡಕ್ಕೆ ತನ್ನದೇ ಆದ ಸ್ಟೇಡಿಯಂ ಸಿಕ್ಕಿದ್ದು 1994ರಲ್ಲಿ, ಅದೂ ಕ್ರೀಡಾ ಸಾಮಗ್ರಿ ಉದ್ಯಮಿ ಜೇಮ್ಸ್ ಈಸ್ಟನ್ ಎಂಬ ಹಳೆಯ ವಿದ್ಯಾರ್ಥಿಯ ದೇಣಿಗೆಯಿಂದ. ಆ ಹೊತ್ತಿಗೆ ತಂಡದ ಬಳಿ ಏಳು ಎನ್‌ಸಿಎಎ ಪ್ರಶಸ್ತಿಗಳಿದ್ದವು! ಒಂದೂವರೆ ಸಾವಿರವೂ ಇಲ್ಲದ ಆಸನಗಳ ಮೈದಾನಕ್ಕಾಗಿ ರಾಷ್ಟ್ರ ಚಾಂಪಿಯನ್ನರು ಸುಮಾರು ಎರಡು ದಶಕ ಕಾದರು. ಇದೇನು ಅಚ್ಚರಿಯಲ್ಲ. ನಡುವೆ 1984ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಕಾನೂನಿನ ಹಲ್ಲು ಕಿತ್ತಿತ್ತು. ಸರಕಾರದ ಹಣ ನೇರವಾಗಿ ಯಾವ ವಿಭಾಗಕ್ಕೆ ಬರುತ್ತದೋ ಅದಕ್ಕೆ ಮಾತ್ರ ಕಾನೂನು ಎಂದಿತ್ತು. ಕ್ರೀಡಾ ವಿಭಾಗಗಳು ನಿಟ್ಟುಸಿರು ಬಿಟ್ಟಿದ್ದವು. 1988ರಲ್ಲಿ ಅಧ್ಯಕ್ಷ ರೇಗನ್ ಅವರ ವಿಟೋವನ್ನು ಮೀರಿ ಸಂಸತ್ತು ಹೊಸ ಕಾನೂನು ತಂದ ಮೇಲೆಯೇ ಅದಕ್ಕೆ ಮತ್ತೆ ಜೀವ ಬಂತು.

ಈ ತಂಡ ಕಂಡ ಅತಿ ದೊಡ್ಡ ಪ್ರತಿಭೆ ಯಾರೆಂದು ಕೇಳಿದರೆ ಹೆಚ್ಚಿನವರು ಹೇಳುವ ಹೆಸರು ಲೀಸಾ ಫರ್ನಾಂಡಿಸ್. ತಂದೆ ಕ್ಯೂಬಾದವರು, ತಾಯಿ ಪೋರ್ಟೊರಿಕೊ ಮೂಲದವರು. ಎಂಟರ ವಯಸ್ಸಿನಲ್ಲಿ ಪಿಚರ್ ಆಗಿ ಆಡಿದ ಮೊದಲ ಪಂದ್ಯವನ್ನು ಆಕೆ ಸೋತದ್ದು 28-0ರಿಂದ ಎಂದು ತಾನೇ ಹೇಳಿಕೊಂಡಿದ್ದಾಳೆ. ಹನ್ನೆರಡರಲ್ಲಿ ಒಬ್ಬ ತರಬೇತುದಾರ, ನಿನ್ನ ಕೈ ಗಿಡ್ಡ, ಹದಿನಾರರ ಮೇಲೆ ನೀನು ಪಿಚರ್ ಆಗಿ ಉಳಿಯುವುದಿಲ್ಲ ಎಂದನಂತೆ. 1990ರಿಂದ 1993ರವರೆಗೆ ಯುಸಿಎಲ್‌ಎ ಪರ ಆಡಿದ ಆ ‘ಗಿಡ್ಡ ಕೈ’ಯ ಹುಡುಗಿ ಪಿಚರ್ ಆಗಿ 93 ಪಂದ್ಯ ಗೆದ್ದು 7 ಮಾತ್ರ ಸೋತಳು. 1993ರಲ್ಲಿ ಇಡೀ ದೇಶದ ಕಾಲೇಜುಗಳಲ್ಲಿ ಬ್ಯಾಟಿಂಗ್ ಸರಾಸರಿಯಲ್ಲೂ ಮೊದಲು, ಪಿಚಿಂಗಿನಲ್ಲೂ ಮೊದಲು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಬ್ಬಳೇ ತೆಂಡೂಲ್ಕರ್, ಒಬ್ಬಳೇ ಕುಂಬ್ಳೆ. ಆದರೂ ಆ ವರ್ಷದ ಫೈನಲಿನಲ್ಲಿ ಅರಿಜೋನಾ ವಿರುದ್ಧ 0-1ರಿಂದ ತಂಡ ಸೋತಿತು. ಆಟವೆಂದರೆ ಹಾಗೆಯೇ. ಆಕೆ 1996, 2000, 2004ರಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದು ಮತ್ತೆ ಯುಸಿಎಲ್‌ಎಗೆ ಕೋಚ್ ಆಗಿ ಮರಳಿದಳು.

ಇನ್ನು 1995. ದಾಖಲೆ ಪುಸ್ತಕದಲ್ಲಿ ಆ ವರ್ಷದ ಪ್ರಶಸ್ತಿ ಯುಸಿಎಲ್‌ಎ ಹೆಸರಿನಲ್ಲಿಲ್ಲ. ಗೆದ್ದಿರಲಿಲ್ಲವೇ? ಗೆದ್ದಿದ್ದರು, ಫೈನಲಿನಲ್ಲಿ ಅರಿಜೋನಾವನ್ನು 4-2ರಿಂದ ಸೋಲಿಸಿದ್ದರು. ಆಸ್ಟ್ರೇಲಿಯಾದ ಟಾನ್ಯಾ ಹಾರ್ಡಿಂಗ್ ಎಂಬ ಪ್ರಬಲ ಪಿಚರ್ ಋತುವಿನ ನಡುವೆ ಬಂದು ತಂಡ ಸೇರಿದಳು, ಪ್ರಶಸ್ತಿ ಗೆಲ್ಲಿಸಿದಳು, ಪರೀಕ್ಷೆಯನ್ನೂ ಬರೆಯದೆ ತನ್ನ ದೇಶಕ್ಕೆ ಹೊರಟು ಹೋದಳು. ಇದೆಂಥಾ ವಿದ್ಯಾರ್ಥಿನಿ ಎಂದು ದೇಶವೆಲ್ಲ ಗುಲ್ಲೆದ್ದಿತು. ಆದರೆ ಪ್ರಶಸ್ತಿ ಹೋದದ್ದು ಬೇರೆಯೇ ಕಾರಣಕ್ಕೆ. ತನಿಖೆಯಲ್ಲಿ ತಿಳಿದುಬಂದಂತೆ, ಸಾಫ್ಟ್‌ಬಾಲ್ ತಂಡಕ್ಕೆ ನಿಗದಿಯಾಗಿದ್ದ ವಿದ್ಯಾರ್ಥಿವೇತನದ ಮಿತಿ ಮೀರಿ, ಕೆಲವು ಆಟಗಾರ್ತಿಯರಿಗೆ ಮಹಿಳಾ ಫುಟ್‌ಬಾಲ್ ತಂಡದ ಲೆಕ್ಕದಿಂದ ವಿದ್ಯಾರ್ಥಿವೇತನ ಕೊಡಲಾಗಿತ್ತು. 1997ರಲ್ಲಿ ಎನ್‌ಸಿಎಎ ಆ ಪ್ರಶಸ್ತಿಯನ್ನು ರದ್ದು ಮಾಡಿ, 1998ರ ಚಾಂಪಿಯನ್‌ಷಿಪ್‌ನಿಂದ ತಂಡವನ್ನು ಹೊರಗಿಟ್ಟಿತು.

ನನ್ನ ದೃಷ್ಟಿಯಲ್ಲಿ ಈ ತಂಡದ ಚರಿತ್ರೆಯಲ್ಲಿ ಅತ್ಯಂತ ಕಹಿಯಾದ ಘಟ್ಟ ಇದು. ಕದ್ದದ್ದು ಪುರುಷರ ಫುಟ್‌ಬಾಲಿನ ಕೊಬ್ಬಿದ ಖಜಾನೆಯಿಂದಲ್ಲ. ಆಗಷ್ಟೇ ಕಣ್ಣು ಬಿಡುತ್ತಿದ್ದ ಇನ್ನೊಂದು ಮಹಿಳಾ ತಂಡದ ಬಟ್ಟಲಿನಿಂದ. ಎಷ್ಟೋ ಹೋರಾಡಿ ಪಡೆದ ಪಾಲನ್ನು ಪಡೆದವರೇ ತಮ್ಮೊಳಗೆ ತಪ್ಪಾಗಿ ಹಂಚಿಕೊಂಡರು. ಹಳೆಯ ಎಐಎಡಬ್ಲ್ಯೂ ಶಿಕ್ಷಕಿಯರು ಹೆದರಿದ್ದು ಇಂಥದಕ್ಕೇ. ಆದರೆ ಅವರ ಪರಿಹಾರ, ಅಂದರೆ ವಿದ್ಯಾರ್ಥಿವೇತನವೇ ಬೇಡ ಎಂಬುದು, ಸರಿ ಎಂದು ನನಗೆ ಅನಿಸುವುದಿಲ್ಲ. ಲೆಕ್ಕದಲ್ಲಿ ಮೋಸವಾದರೆ ಲೆಕ್ಕ ಸರಿಪಡಿಸಬೇಕು, ಅಂಗಡಿ ಮುಚ್ಚುವುದಲ್ಲ. ಇನ್ನೊಂದು ಹೋಲಿಕೆಯನ್ನೂ ಮರೆಯಬಾರದು. ನಂತರದ ದಶಕಗಳಲ್ಲಿ, 2025ರಲ್ಲಿ ನಿಯಮ ಬದಲಾಗುವವರೆಗೆ, ದೊಡ್ಡ ಕಾಲೇಜುಗಳ ಸಾಫ್ಟ್‌ಬಾಲ್ ತಂಡಕ್ಕೆ ಇದ್ದ ಮಿತಿ 12 ವಿದ್ಯಾರ್ಥಿವೇತನ. ಅದನ್ನೇ ಇಪ್ಪತ್ತರ ಸಮೀಪದ ಆಟಗಾರ್ತಿಯರಿಗೆ ಹರಿದು ಹಂಚಬೇಕಿತ್ತು. ಪುರುಷರ ಅಮೆರಿಕನ್ ಫುಟ್‌ಬಾಲ್‌ಗೆ 85.

ಶಿಕ್ಷೆ ಮುಗಿಸಿ ಬಂದ ತಂಡ 1999ರಲ್ಲೇ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಚಾಂಪಿಯನ್ ಆಯಿತು. ಅಷ್ಟರಲ್ಲಿ ಬ್ಯಾಕಸ್ ನಿವೃತ್ತರಾಗಿ ಎನ್‌ಕ್ವಿಸ್ಟ್ ಒಬ್ಬರೇ ಹೊಣೆ ಹೊತ್ತಿದ್ದರು. 2003ರ ಫೈನಲಿನಲ್ಲಿ ಕೀರಾ ಗೋರ್ಲ್ ಎಂಬ ಪಿಚರ್ ಒಂಬತ್ತು ಇನ್ನಿಂಗ್ಸ್ ಉದ್ದಕ್ಕೂ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ 1-0ರಿಂದ ಗೆಲ್ಲಿಸಿದಳು. 2004ರಲ್ಲೂ ಗೆಲುವು. ಅದೇ ವರ್ಷ ಅಥೆನ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಯುಸಿಎಲ್‌ಎಯಿಂದ ಬಂದ ನತಾಶಾ ವಾಟ್ಲಿ ಮತ್ತು ತೈರಿಯಾ ಫ್ಲವರ್ಸ್ ಎಂಬ ಇಬ್ಬರು ಕಪ್ಪು ಆಟಗಾರ್ತಿಯರಿದ್ದರು. ಸಾಫ್ಟ್‌ಬಾಲ್‌ನಲ್ಲಿ ಕಪ್ಪು ಹುಡುಗಿಯರು ಬಹುಕಾಲ ವಿರಳವಾಗಿದ್ದರು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಖಾಸಗಿ ಕ್ಲಬ್ಬು, ಪಿಚಿಂಗ್ ಪಾಠ, ಊರೂರು ಸುತ್ತುವ ಪಂದ್ಯಾವಳಿ, ಇವೆಲ್ಲಕ್ಕೂ ಹಣ ಬೇಕು. ಕಾಲೇಜಿನ ಬಾಗಿಲು ತೆರೆದ ಕಾನೂನು ಬಡವರ ಬೀದಿಯಲ್ಲಿ ಮೈದಾನ ಕಟ್ಟಿಕೊಡಲಿಲ್ಲ. ವಾಟ್ಲಿ ಮುಂದೆ ತನ್ನ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿ ಲಾಸ್ ಏಂಜಲೀಸ್‌ನ ಅಂಥ ಬಡಾವಣೆಗಳ ಹುಡುಗಿಯರಿಗೆ ಆಟ ಕಲಿಸಲು ಹೊರಟದ್ದು ಇದೇ ಕಾರಣಕ್ಕೆ.

2007ರ ಋತುವಿನಿಂದ ತಂಡದ ಕೋಚ್ ಆದವರು ಕೆಲ್ಲಿ ಇನೋಯೆ-ಪೆರೆಜ್. ಇವರೂ ಇದೇ ತಂಡದ ಹಳೆಯ ಆಟಗಾರ್ತಿ. ಫರ್ನಾಂಡಿಸ್ ಎಸೆದ ಚೆಂಡನ್ನು ಹಿಡಿಯುತ್ತಿದ್ದ ಕ್ಯಾಚರ್. ಇವರ ಕೈಕೆಳಗೆ 2010ರಲ್ಲಿ ಅರಿಜೋನಾವನ್ನು ಮತ್ತು 2019ರಲ್ಲಿ ಓಕ್ಲಹಾಮಾವನ್ನು ಸೋಲಿಸಿ ತಂಡ ಪ್ರಶಸ್ತಿ ಗೆದ್ದಿತು. ಬ್ಯಾಕಸ್, ಎನ್‌ಕ್ವಿಸ್ಟ್, ಇನೋಯೆ-ಪೆರೆಜ್: 12 ಪ್ರಶಸ್ತಿಗಳೂ ಈ ಮೂವರ ಕೈಯಿಂದ ಬಂದವು. ಮೂವರೂ ಮಹಿಳೆಯರು, ಒಬ್ಬರ ಶಿಷ್ಯೆ ಇನ್ನೊಬ್ಬರು. ಇದು ಸಣ್ಣ ಮಾತಲ್ಲ. 1972ರಲ್ಲಿ ಅಮೆರಿಕದ ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಮಹಿಳೆಯರಿದ್ದರು. ಆ ಕೆಲಸಕ್ಕೆ ಒಳ್ಳೆಯ ಸಂಬಳ ಬಂದ ಮೇಲೆ ಗಂಡಸರು ಅರ್ಜಿ ಹಾಕತೊಡಗಿದರು, ಮಹಿಳೆಯರ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹುಡುಗಿಯರಿಗೆ ಆಡುವ ಪಾಲು ಸಿಕ್ಕಿತು, ಆಡಿಸುವ ಪಾಲು ಕೈತಪ್ಪಿತು. ಯುಸಿಎಲ್‌ಎಯಲ್ಲಿ ಹಾಗಾಗಲಿಲ್ಲ.

ಈಗ ಕಾಲ ಬದಲಾಗಿದೆ. 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಪ್ರಶಸ್ತಿ ಗೆದ್ದು ಓಕ್ಲಹಾಮಾ ವಿಶ್ವವಿದ್ಯಾಲಯ ಯಾರೂ ಮಾಡದ ದಾಖಲೆ ಮಾಡಿತು. ಅಲ್ಲಿಯೂ 1995ರಿಂದ ಕೋಚ್ ಆಗಿರುವವರು ಪ್ಯಾಟಿ ಗ್ಯಾಸೊ ಎಂಬ ಮಹಿಳೆ. 2025ರ ಪ್ರಶಸ್ತಿ ಟೆಕ್ಸಾಸ್ ಪಾಲಾಯಿತು. ಅಮೆರಿಕದ ಶಾಲೆಗಳಲ್ಲಿ 1972ರಲ್ಲಿ ಮೂರು ಲಕ್ಷಕ್ಕೂ ಕಡಿಮೆ ಹುಡುಗಿಯರು ಕ್ರೀಡಾ ತಂಡಗಳಲ್ಲಿದ್ದರು, ಇಂದು ಆ ಸಂಖ್ಯೆ ಮೂವತ್ತು ಲಕ್ಷ ದಾಟಿದೆ. ನಮ್ಮ ದೇಶದಲ್ಲೂ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಹೆಣ್ಣುಮಕ್ಕಳು ಸಾಫ್ಟ್‌ಬಾಲ್ ಆಡುತ್ತಾರೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅವರ ಪಂದ್ಯಗಳ ಫಲಿತಾಂಶ ಕ್ರೀಡಾ ಪುಟದ ಮೂಲೆಯಲ್ಲಿ ಎರಡು ಸಾಲು ಸಿಕ್ಕರೆ ಹೆಚ್ಚು.

ಒಲಿಂಪಿಕ್ಸ್ ಈ ಆಟವನ್ನು ಮಗುವಿನಂತೆ ಎತ್ತಿಕೊಂಡು ಇಳಿಸುತ್ತಲೇ ಇದೆ. 2008ರ ನಂತರ ಕೈಬಿಟ್ಟಿತು, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಸೇರಿಸಿತು, 2024ರಲ್ಲಿ ಮತ್ತೆ ಬಿಟ್ಟಿತು. 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ನಡೆಯಲಿದ್ದು ಸಾಫ್ಟ್‌ಬಾಲ್ ಮರಳಲಿದೆ. ಕ್ರೀಡಾಪಟುಗಳು ತಂಗುವ ಗ್ರಾಮ ಯುಸಿಎಲ್‌ಎ ಆವರಣದಲ್ಲೇ ಇರುತ್ತದೆ, ಫರ್ನಾಂಡಿಸ್ ಹುಡುಗಿಯರಿಗೆ ಪಾಠ ಹೇಳಿದ ಈಸ್ಟನ್ ಸ್ಟೇಡಿಯಂ ಇರುವುದೂ ಅದೇ ಆವರಣದಲ್ಲಿ. ಆದರೆ ಸಾಫ್ಟ್‌ಬಾಲ್ ಪಂದ್ಯಗಳು ಮಾತ್ರ ಅಲ್ಲಿ ನಡೆಯುವುದಿಲ್ಲ. ಸಾವಿರಾರು ಜನ ಕೂತು ನೋಡಬಲ್ಲ ಸಾಫ್ಟ್‌ಬಾಲ್ ಮೈದಾನ ಆ ಮಹಾನಗರದಲ್ಲಿ ಇಲ್ಲದ ಕಾರಣ, ಅವನ್ನು ಸುಮಾರು 2,000 ಕಿಲೋಮೀಟರ್ ದೂರದ ಓಕ್ಲಹಾಮಾ ಸಿಟಿಯಲ್ಲಿ ಆಡಿಸಲು ನಿರ್ಧರಿಸಲಾಗಿದೆ.